ದೂರದ ಕಾವಿನ ವರ್ತಮಾನ

ಸಂಜೆಯ ಪ್ರದೇಶ ಸಮಾಚಾರದ ಕಡೆಯಲ್ಲಿ ಬರುವ ಹವಾ ವರ್ತಮಾನವನ್ನು ನೀವು ಕೇಳಿಯೇ ಇರುತ್ತೀರಿ. ಇಂದು ಹಾಸನದಲ್ಲಿ ಗರಿಷ್ಠ ಉಷ್ಣತೆ ಇಷ್ಟು ಡಿಗ್ರಿ, ಕನಿಷ್ಠ ಉಷ್ಣತೆ ಇಷ್ಟು ಡಿಗ್ರಿ ಎಂದು ವಾರ್ತೆಯನ್ನೋದುವವರು ಹೇಳಿ ಮುಗಿಸುತ್ತಾರೆ. ಅಕ್ಕಿಯ ಧಾರಣೆಯನ್ನು ಹೇಳಿದರೆ “ನಮ್ಮ ಸಂತೆಯಲ್ಲಿ ಹಾಗಿಲ್ಲವಲ್ಲ” ಎಂದು ವಾದಕ್ಕೆ ನಿಲ್ಲುವ ನಾವು, ಈ ಡಿಗ್ರಿಯ ಲೆಕ್ಕವನ್ನು ಮಾತ್ರ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತೇವೆ. ಅದನ್ನು ಯಾರು ನೋಡಿದರು, ಯಾವುದರಿಂದ ನೋಡಿದರು, ನೋಡಿದ ಸಾಧನ ಸರಿಯಾಗಿತ್ತೆಂದು ಹೇಗೆ ತಿಳಿಯಿತು ಎಂದು ನಾವು ಕೇಳುವುದಿಲ್ಲ. ಈ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ನಮ್ಮ ಜಿಲ್ಲೆಯ ನೂರು ವರ್ಷಗಳನ್ನು ಒಮ್ಮೆ ಹಿಂದಿರುಗಿ ನೋಡೋಣ. ಕನ್ನಡ ಪಂಡಿತನಿಗೆ ಈ ಯಂತ್ರದ ಮಾತೇಕೆ ಎಂದು ನಿಮಗನ್ನಿಸಬಹುದು. ಅದಕ್ಕೂ ಕಾರಣವಿದೆ, ಮುಂದೆ ಹೇಳುತ್ತೇನೆ.

ಕಾವನ್ನು ಅರಿಯುವ ವಿದ್ಯೆ ನಮಗೆ ಹೊಸದಲ್ಲ. ಬಿಸಿ, ಕಾವು, ಸೆಕೆ, ಝಳ, ಧಗೆ ಎಂದು ನಮ್ಮ ಮಾತಿನಲ್ಲಿ ಎಷ್ಟು ಪದಗಳಿವೆ, ನೋಡಿ. ಒಂದೊಂದಕ್ಕೂ ಒಂದೊಂದು ಮೆಟ್ಟಿಲು. ಹೊಳೆನರಸೀಪುರದ ಸುತ್ತ ಹೇಮಾವತಿಯ ನೀರುಂಡ ಕಬ್ಬು ಆಲೆಮನೆಗೆ ಬಂದರೆ, ಕೊಪ್ಪರಿಗೆಯ ಮುಂದೆ ನಿಂತ ಅನುಭವಸ್ಥನು ಕುದಿಯುವ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಅದು ಬೆರಳಲ್ಲಿ ಉಂಡೆಯಾಗುತ್ತದೆಯೇ ಎಂದು ನೋಡಿ, “ಇಳಿಸಿ” ಎನ್ನುತ್ತಾನೆ. ಆ ಹೊತ್ತಿನಲ್ಲಿ ಪಾಕದ ಉಷ್ಣತೆ ನೀರು ಕುದಿಯುವ ಉಷ್ಣತೆಯನ್ನು ಹಿಂದಕ್ಕೆ ಬಿಟ್ಟು ಸುಮಾರು ೧೧೫ ಡಿಗ್ರಿಯನ್ನು ದಾಟಿರುತ್ತದೆ. ಅವನಿಗೆ ಅಂಕಿ ಬೇಕಿಲ್ಲ, ಬೆಲ್ಲ ಕೆಡುವುದೂ ಇಲ್ಲ. ಆದರೆ ಅವನ ಬೆರಳಿನ ತಿಳಿವಳಿಕೆ ಅವನ ಜೊತೆಯಲ್ಲೇ ಇರುತ್ತದೆ. ಅದನ್ನು ಮತ್ತೊಂದು ಊರಿಗೆ ಕಳುಹಿಸಲಾಗದು, ನಾಳೆಗೆ ಬರೆದಿಡಲಾಗದು. ಹೀಗೆ ಕಳುಹಿಸಬೇಕು, ಬರೆದಿಡಬೇಕು ಎಂದಾದಾಗ ಅಂಕಿ ಬೇಕಾಯಿತು. ಅಂಕಿ ಬೇಕಾದಾಗ, ಎಲ್ಲಿಂದ ಎಣಿಸುವುದು ಎಂಬ ಪ್ರಶ್ನೆ ಹುಟ್ಟಿತು.

ಫ್ಯಾರನ್‌ಹೀಟ್ ಎಂಬಾತ ೧೭೧೪ರಲ್ಲಿ ಪಾದರಸದ ನಂಬಲರ್ಹವಾದ ಉಷ್ಣಮಾಪಕವನ್ನು ಮಾಡಿದ. ೧೭೪೨ರಲ್ಲಿ ಸ್ವೀಡನ್ನಿನ ಖಗೋಳಜ್ಞ ಸೆಲ್ಸಿಯಸ್, ನೀರು ಹೆಪ್ಪುಗಟ್ಟುವ ಹಾಗೂ ಕುದಿಯುವ ಎರಡು ನೆಲೆಗಳ ನಡುವೆ ನೂರು ಭಾಗಗಳನ್ನು ಮಾಡಿದ. ಅವನು ಮೊದಲು ಕುದಿಯುವುದಕ್ಕೆ ಸೊನ್ನೆಯನ್ನೂ ಹೆಪ್ಪುಗಟ್ಟುವುದಕ್ಕೆ ನೂರನ್ನೂ ಇಟ್ಟಿದ್ದ. ಅದನ್ನು ಈಗಿನಂತೆ ತಿರುಗಿಸಿದ್ದು ಆಮೇಲೆ. ಅವನ ಬರಹದಲ್ಲಿ ನಮಗೆ ಬಹಳ ಬೇಕಾದ ಒಂದು ಮಾತಿದೆ. ಮಂಜುಗಡ್ಡೆ ಕರಗುವ ನೆಲೆ ಎಲ್ಲಿ ಹೋದರೂ ಹೆಚ್ಚು ಕಡಿಮೆ ಒಂದೇ. ಕುದಿಯುವ ನೆಲೆಯಾದರೋ ಗಾಳಿಯ ಒತ್ತಡಕ್ಕೆ ತಕ್ಕಂತೆ ಏರಿಳಿಯುತ್ತದೆ.

ಇದು ನಮಗೇಕೆ ಬೇಕೆಂದರೆ, ನಾವಿರುವುದು ಎತ್ತರದ ಬಯಲುನಾಡಿನಲ್ಲಿ. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಈ ನಾಲ್ಕೂ ಸಮುದ್ರಮಟ್ಟದಿಂದ ಸುಮಾರು ೮೦೦ರಿಂದ ೧೦೦೦ ಮೀಟರ್ ಎತ್ತರದಲ್ಲಿವೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ಆದುದರಿಂದ ನಿಮ್ಮ ಅಡುಗೆಮನೆಯ ತೆರೆದ ಪಾತ್ರೆಯಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು ೯೭ಕ್ಕೇ ಕುದಿಯುತ್ತದೆ.

ಈಗ ನನ್ನ ಕಾರಣವನ್ನು ಹೇಳುತ್ತೇನೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಅರಕಲಗೂಡಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಇದ್ದಾಗ, ವಿಜ್ಞಾನದ ಮೇಷ್ಟ್ರು ರಜೆಯ ಮೇಲೆ ಹೋಗಿದ್ದರಿಂದ ಪ್ರಯೋಗದ ತರಗತಿಯನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ನೀರು ಕಾಯಿಸಿ, ಕುದಿಯುವಾಗ ಉಷ್ಣಮಾಪಕವನ್ನು ಓದಿ ಬರೆಯಬೇಕು. ಉಳಿದ ಹುಡುಗರೆಲ್ಲ ಪುಸ್ತಕವನ್ನು ನೋಡಿ ೧೦೦ ಎಂದು ಬರೆದರು. ಒಬ್ಬ ಹುಡುಗ ಮಾತ್ರ ೯೭ ಎಂದು ಬರೆದಿದ್ದ. “ಪುಸ್ತಕದಲ್ಲಿ ನೂರು ಎಂದಿದೆಯಲ್ಲ, ಕಣ್ಣು ಸರಿಯಾಗಿ ಬಿಟ್ಟು ನೋಡು” ಎಂದೆ. ಅವನು ಮತ್ತೊಮ್ಮೆ ನೋಡಿ, “ತೊಂಬತ್ತೇಳೇ ಇದೆ ಸಾರ್” ಎಂದ. ನಾನು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು ಹಾಕಿ ೧೦೦ ಎಂದು ತಿದ್ದಿದೆ. ಅವನು ಏನೂ ಹೇಳದೆ ಪುಸ್ತಕವನ್ನು ತೆಗೆದುಕೊಂಡು ಹೋದ. ಸುಳ್ಳು ಬರೆದ ಮೂವತ್ತೈದು ಜನಕ್ಕೆ ಸರಿ ಗುರುತು ಹಾಕಿ, ಕಂಡದ್ದನ್ನು ಬರೆದ ಒಬ್ಬನಿಗೆ ತಪ್ಪು ಹಾಕಿದೆನೆಂಬುದು ನನಗೆ ತಿಳಿದದ್ದು ವಿಜ್ಞಾನದ ಮೇಷ್ಟ್ರು ರಜೆಯಿಂದ ಬಂದಮೇಲೆ. ಅಷ್ಟರಲ್ಲಿ ವಾರ್ಷಿಕ ಪರೀಕ್ಷೆ ಮುಗಿದು ಹುಡುಗರು ಚದುರಿ ಹೋಗಿದ್ದರು. ಅಂದಿನಿಂದ ಈ ಅಳತೆಯ ವಿಚಾರವನ್ನು ಓದುತ್ತ ಬಂದಿದ್ದೇನೆ.

ಓದುತ್ತ ಹೋದಂತೆ ನಮ್ಮ ಹಾಸನವೇ ಈ ಕಥೆಯಲ್ಲಿ ಬಂದಿತು. ಮೈಸೂರು ಸಂಸ್ಥಾನದಲ್ಲಿ ಹವಾ ವೀಕ್ಷಣೆಯ ಏರ್ಪಾಟನ್ನು ನಡೆಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಎಂಬವರು. ೧೮೯೩ನೆಯ ಇಸವಿಯ ಅವರ ಮೊದಲ ವರದಿಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ ಎಂಬ ನಾಲ್ಕು ಕೇಂದ್ರಗಳ ಲೆಕ್ಕಗಳಿವೆ. ಇಡೀ ಸಂಸ್ಥಾನದ ನಾಲ್ಕರಲ್ಲಿ ಹಾಸನವೂ ಒಂದು.

ಅಂಥ ವೀಕ್ಷಣಾಲಯಗಳಲ್ಲಿ ಕೆಲಸ ನಡೆಯುತ್ತಿದ್ದ ಕ್ರಮವನ್ನು ಸ್ವಲ್ಪ ಗಮನಿಸಿ. ವೀಕ್ಷಕನು ಗೊತ್ತಾದ ಹೊತ್ತಿಗೆ ಹೋಗಿ ಉಷ್ಣಮಾಪಕವನ್ನು ಓದಿ, ಓದಿದಂತೆಯೇ ಪುಸ್ತಕದಲ್ಲಿ ಬರೆಯುತ್ತಾನೆ. ಇದು ಮೊದಲನೆಯ ಕೆಲಸ. ಪ್ರತಿಯೊಂದು ಉಷ್ಣಮಾಪಕಕ್ಕೂ ಅದರದೇ ಆದ ದೋಷದ ಪಟ್ಟಿ ಇರುತ್ತದೆ. ಇಂಥ ಕಡೆ ಇಷ್ಟು ಹೆಚ್ಚು ತೋರಿಸುತ್ತದೆ, ಇಂಥ ಕಡೆ ಇಷ್ಟು ಕಡಿಮೆ ಎಂದು ಒಂದು ಪ್ರಮಾಣಭೂತ ಉಷ್ಣಮಾಪಕದ ಪಕ್ಕದಲ್ಲಿಟ್ಟು ನೋಡಿ ಬರೆದ ಪಟ್ಟಿ ಅದು. ಅದನ್ನನುಸರಿಸಿ ತಿದ್ದಿದ ಅಂಕಿಯನ್ನು ಬೇರೆ ಮನೆಯಲ್ಲಿ ಬರೆಯುತ್ತಾನೆ. ಇದು ಎರಡನೆಯದು. ಆಮೇಲೆ ಅದನ್ನು ಒಪ್ಪಿತವಾದ ಸಂಕೇತಕ್ಕೆ ಇಳಿಸಿ ತಂತಿಯ ಮೂಲಕ ಕಳುಹಿಸುತ್ತಾರೆ. ಇದು ಮೂರನೆಯದು. ಓದಿದ ಅಂಕಿ, ತಿದ್ದಿದ ಅಂಕಿ ಎರಡೂ ಪುಸ್ತಕದಲ್ಲಿ ಉಳಿಯುತ್ತವೆ, ಒಂದು ಮತ್ತೊಂದನ್ನು ಅಳಿಸುವುದಿಲ್ಲ. ಇದನ್ನೋದಿದಾಗ ನನ್ನ ಕೆಂಪು ಶಾಯಿ ನೆನಪಾಗಿ ನಾಚಿಕೆಯಾಯಿತು.

ಉಷ್ಣಮಾಪಕವನ್ನು ಒಮ್ಮೆ ತಿದ್ದಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಊದಿ ಮಾಡಿದ ಗಾಜು ವರ್ಷಗಳ ಕಾಲ ಮೆಲ್ಲಮೆಲ್ಲನೆ ಕುಗ್ಗುತ್ತಲೇ ಇರುತ್ತದೆ. ಇಂಗ್ಲೆಂಡಿನ ಜೂಲ್ ಮಹಾಶಯ ಒಂದೇ ಉಷ್ಣಮಾಪಕವನ್ನು ೧೮೪೪ರಿಂದ ಸುಮಾರು ಮೂವತ್ತೆಂಟು ವರ್ಷ ಮತ್ತೆ ಮತ್ತೆ ಕರಗುವ ಮಂಜುಗಡ್ಡೆಯಲ್ಲಿಟ್ಟು ನೋಡಿದ. ಅದರ ಸೊನ್ನೆಯ ಗೆರೆ ಆ ಕಾಲವೆಲ್ಲ ಸರಿಯುತ್ತಲೇ ಇತ್ತು. ಸಾಧನಕ್ಕೂ ವಯಸ್ಸಾಗುತ್ತದೆ. ವಯಸ್ಸಾದದ್ದು ಅದಕ್ಕೆ ತಾನಾಗಿ ತಿಳಿಯದು, ಇನ್ನೊಬ್ಬರು ನೋಡಿ ಹೇಳಬೇಕು.

ಹಾಸನದ ವೀಕ್ಷಕನು ತಂತಿಯಲ್ಲಿ ವರ್ತಮಾನ ಕಳುಹಿಸುತ್ತಿದ್ದ ಕಾಲಕ್ಕೆ, ಉಷ್ಣತೆಯೇ ತಂತಿಯ ಮೇಲೆ ತಾನಾಗಿ ನಡೆದುಬರುವ ದಾರಿಯೂ ಪಾಶ್ಚಾತ್ಯ ದೇಶಗಳಲ್ಲಿ ಸಿದ್ಧವಾಗಿತ್ತು. ೧೮೨೧ರಲ್ಲಿ ಸೀಬೆಕ್ ಎಂಬಾತ, ಎರಡು ಬೇರೆ ಲೋಹಗಳ ತಂತಿಗಳನ್ನು ಬೆಸೆದು ಬೆಸುಗೆಯನ್ನು ಕಾಯಿಸಿದರೆ ವಿದ್ಯುತ್ತು ಹರಿಯುವಂತಾಗುತ್ತದೆಂಬುದನ್ನು ತೋರಿಸಿಕೊಟ್ಟ. ಲೋಹದ ತಂತಿ ಕಾದಂತೆಲ್ಲ ವಿದ್ಯುತ್ತನ್ನು ಹೆಚ್ಚು ತಡೆಯುತ್ತದೆಂಬುದು ಎರಡನೆಯ ಉಪಾಯ. ಅದಕ್ಕೆ ಪ್ಲಾಟಿನಂ ತಂತಿ ತಕ್ಕದ್ದೆಂದು ವಿಲಿಯಂ ಸೀಮೆನ್ಸ್ ೧೮೭೧ರಲ್ಲಿ ಹೇಳಿದ. ೧೮೮೭ರಲ್ಲಿ ಕ್ಯಾಲೆಂಡರ್ ಎಂಬ ವಿದ್ವಾಂಸ ಅದನ್ನು ನೆಚ್ಚಿಕೊಳ್ಳುವಂಥ ಸಾಧನವನ್ನಾಗಿ ಮಾಡಿದ. ಇಂದು ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಪ್ಲಾಟಿನಂ ಸಂವೇದಕ ಸೊನ್ನೆ ಡಿಗ್ರಿಯಲ್ಲಿ ೧೦೦ ಓಮ್ ತಡೆಯನ್ನೂ ನೂರು ಡಿಗ್ರಿಯಲ್ಲಿ ೧೩೮.೫ ಓಮ್ ತಡೆಯನ್ನೂ ಒಡ್ಡುತ್ತದೆ. ಡಿಗ್ರಿಗೆ ಹೆಚ್ಚು ಕಡಿಮೆ ೦.೩೮೫ ಓಮ್. ತಂತಿ ಉದ್ದವಾಗಿ ತಾನೇ ಒಂದು ಓಮ್ ತಡೆದರೆ, ಲೆಕ್ಕ ಎರಡೂವರೆ ಡಿಗ್ರಿಗೂ ಮಿಕ್ಕಿ ತಪ್ಪುತ್ತದೆ. ಆದುದರಿಂದಲೇ ಮೂರನೆಯ, ನಾಲ್ಕನೆಯ ತಂತಿಗಳನ್ನು ಜೋಡಿಸಿ ಆ ತಪ್ಪನ್ನು ಕಳೆಯುತ್ತಾರೆ.

ಸಂವೇದಕದ ಈ ಮೆಲುದನಿಯನ್ನು ಅದರ ಹತ್ತಿರವೇ ಕುಳಿತು ಕೇಳಿ, ಗಟ್ಟಿಯಾದ ಒಂದು ಸಂಕೇತವಾಗಿ ಮಾಡಿ ದೂರದ ನಿಯಂತ್ರಣ ಕೊಠಡಿಗೆ ಕಳುಹಿಸುವ ಮುಷ್ಟಿಗಾತ್ರದ ಸಾಧನವೇ ಟೆಂಪರೇಚರ್ ಟ್ರಾನ್ಸ್‌ಮಿಟರ್. ನಾವು ಉಷ್ಣತಾ ಪ್ರೇಷಕ ಎನ್ನೋಣ. ಇದು ಕಳುಹಿಸುವ ವಿದ್ಯುತ್ತು ೪ ಮಿಲಿಆಂಪಿಯರಿನಿಂದ ೨೦ ಮಿಲಿಆಂಪಿಯರಿನವರೆಗೆ. ಸೊನ್ನೆಯಿಂದ ಏಕೆ ಎಣಿಸಲಿಲ್ಲವೆಂದರೆ, ತಂತಿ ಕಡಿದುಹೋದಾಗಲೂ ಸೊನ್ನೆಯೇ ಬರುತ್ತದೆ. ಉಷ್ಣತೆ ತೀರ ಕಡಿಮೆಯಾಯಿತೋ, ದೂತನೇ ಸತ್ತನೋ ತಿಳಿಯದು. ಕನಿಷ್ಠಕ್ಕೂ ೪ ಮಿಲಿಆಂಪಿಯರ್ ಬರುತ್ತಿದ್ದರೆ ದೂತ ಬದುಕಿದ್ದಾನೆಂದು ಅರ್ಥ.

೧೯೮೦ರ ದಶಕದಲ್ಲಿ ಈ ಪ್ರೇಷಕಕ್ಕೆ ಬುದ್ಧಿಯೂ ಬಂತು. ಅಮೆರಿಕದ ರೋಸ್‌ಮೌಂಟ್ ಸಂಸ್ಥೆ ರೂಪಿಸಿ, ೧೯೮೬ರಲ್ಲಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ಹಾರ್ಟ್ ಎಂಬ ಪದ್ಧತಿಯಲ್ಲಿ, ಅದೇ ಎರಡು ತಂತಿಗಳ ಮೇಲೆ, ಹರಿಯುವ ವಿದ್ಯುತ್ತಿಗೆ ಭಂಗ ಬಾರದಂತೆ, ಎರಡು ಸ್ವರಗಳಲ್ಲಿ ಅಂಕಿಯ ಮಾತುಗಳು ಓಡಾಡುತ್ತವೆ. ಒಂದು ಸ್ವರ ಸೆಕೆಂಡಿಗೆ ೧೨೦೦ ಕಂಪನಗಳದು, ಮತ್ತೊಂದು ೨೨೦೦ ಕಂಪನಗಳದು. ಇದರಿಂದ ದೂರದಲ್ಲಿ ಕುಳಿತೇ ಪ್ರೇಷಕವನ್ನು ಮಾತನಾಡಿಸಬಹುದು, ಅದಕ್ಕೆ ಆಜ್ಞೆ ಕೊಡಬಹುದು.

ನನಗೆ ಇದನ್ನು ಕಣ್ಣಾರೆ ತೋರಿಸಿದವನು ಯಾರೆಂದುಕೊಂಡಿರಿ? ಆ ತೊಂಬತ್ತೇಳರ ಹುಡುಗನೇ. ಕೆಲವು ವರ್ಷಗಳ ಹಿಂದೆ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ನಡುವಯಸ್ಸಿಗೆ ಬಂದ ಒಬ್ಬರು ಕಾಲು ಮುಟ್ಟಿ ನಮಸ್ಕರಿಸಿದರು. ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ಮಾಪನ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸವಂತೆ. ಒಂದು ದಿನ ಬಿಡುವು ಮಾಡಿಕೊಂಡು ಬನ್ನಿ ಎಂದು ಕರೆದರು. ಹೋದೆ.

ಅಲ್ಲಿ ಕಲಿತದ್ದು ಎರಡು ಕೆಲಸಗಳ ನಡುವಣ ಅಂತರವನ್ನು. ಮೊದಲನೆಯದು ಪ್ರೇಷಕವನ್ನು ಅಣಿಗೊಳಿಸುವುದು. ನಿನಗೆ ಜೋಡಿಸಿರುವುದು ಪ್ಲಾಟಿನಂ ಸಂವೇದಕ, ಮೂರು ತಂತಿ, ಸೆಲ್ಸಿಯಸ್ ಲೆಕ್ಕ, ಸೊನ್ನೆ ಡಿಗ್ರಿಗೆ ೪ ಮಿಲಿಆಂಪಿಯರ್, ೧೫೦ ಡಿಗ್ರಿಗೆ ೨೦, ಸಂವೇದಕ ಕೆಟ್ಟರೆ ಮೇಲಕ್ಕೆ ಹಾರು ಅಥವಾ ಕೆಳಕ್ಕೆ ಬೀಳು ಎಂದು ಹೇಳಿಕೊಡುವುದು. ಆಗ ೭೫ ಡಿಗ್ರಿಗೆ ಸರಿಯಾಗಿ ೧೨ ಮಿಲಿಆಂಪಿಯರ್ ಬರುತ್ತದೆ. ಆದರೆ ನಿಯಂತ್ರಣ ಕೊಠಡಿಯವರು ೨೦ ಎಂದರೆ ೧೦೦ ಡಿಗ್ರಿ ಎಂದು ತಿಳಿದಿದ್ದರೆ? ಇಲ್ಲಿ ೭೨ ಡಿಗ್ರಿ ಕಾದಿರುವಾಗ ೧೧.೬೮ ಮಿಲಿಆಂಪಿಯರ್ ಹೋಗುತ್ತದೆ, ಅಲ್ಲಿ ಅದು ೪೮ ಡಿಗ್ರಿ ಎಂದು ಕಾಣುತ್ತದೆ. ಪ್ರೇಷಕದಲ್ಲೂ ದೋಷವಿಲ್ಲ, ಸಂವೇದಕದಲ್ಲೂ ದೋಷವಿಲ್ಲ. ಹೇಳುವವನ ನಿಘಂಟು ಬೇರೆ, ಕೇಳುವವನ ನಿಘಂಟು ಬೇರೆ, ಅಷ್ಟೆ. ಹಿಂದಿನ ತಂತಿ ಸಂಕೇತದ ಪುಸ್ತಕ ಎರಡು ಕಡೆಯೂ ಒಂದೇ ಆಗಿರಬೇಕಿದ್ದುದು ಇದಕ್ಕೇ.

ಎರಡನೆಯದು ತಿದ್ದುವುದು. ಅಣಿಗೊಳಿಸಿದ ಮಾತ್ರಕ್ಕೆ ಪ್ರೇಷಕ ಸತ್ಯ ಹೇಳುತ್ತದೆಂದಲ್ಲ. ಅವರು ಮೊದಲು ನಿಯಂತ್ರಣ ಕೊಠಡಿಗೆ ತಿಳಿಸಿ ಆ ಭಾಗವನ್ನು ಕೈಯ ಹಿಡಿತಕ್ಕೆ ತೆಗೆದುಕೊಂಡರು. ಇಲ್ಲವಾದರೆ ಪರೀಕ್ಷೆಯ ಅಂಕಿಯನ್ನೇ ನಿಜವೆಂದು ನಂಬಿ ಉಗಿಯ ಕವಾಟ ತೆರೆದುಕೊಂಡೀತು. ಆಮೇಲೆ ಸಂವೇದಕವನ್ನು ಹೊರತೆಗೆದು, ಶುದ್ಧ ನೀರಿನ ಮಂಜುಗಡ್ಡೆಯನ್ನು ಪುಡಿಮಾಡಿ ನೀರು ಬೆರೆಸಿದ ಪಾತ್ರೆಯಲ್ಲಿ, ಪ್ರಮಾಣಭೂತವಾದ ಮತ್ತೊಂದು ಉಷ್ಣಮಾಪಕದ ಪಕ್ಕದಲ್ಲಿ ಇಟ್ಟರು. ಪ್ರಮಾಣದ್ದು ಸೊನ್ನೆ ತೋರಿತು. ಪ್ರೇಷಕ ೦.೬ ಎಂದಿತು.

ತಿದ್ದುವ ಆಜ್ಞೆ ಕೊಡುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಕೊಡಲಿಲ್ಲ. ಜೇಬಿನಿಂದ ಲೇಖನಿ ತೆಗೆದು ಒಂದು ನಮೂನೆಯಲ್ಲಿ ‘ಕಂಡಂತೆ’ ಎಂಬ ಮನೆಯಲ್ಲಿ ೦.೬ ಎಂದು ಬರೆದರು. ಹಾಗೆಯೇ ಕಾಯಿಸಿದ ಲೋಹದ ಗುಂಡಿಯಲ್ಲಿಟ್ಟು ಮೇಲಿನ ಎರಡು ಮೂರು ಉಷ್ಣತೆಗಳಲ್ಲೂ ನೋಡಿ, ನೋಡಿದಂತೆ ಬರೆದರು. “ಮೊದಲು ಸರಿಮಾಡಿಬಿಟ್ಟರೆ, ಇಷ್ಟು ದಿನ ಎಷ್ಟು ತಪ್ಪು ಹೇಳುತ್ತಿತ್ತೆಂದು ಆಮೇಲೆ ತಿಳಿಯುವ ದಾರಿಯೇ ಇರುವುದಿಲ್ಲ ಸಾರ್” ಎಂದರು. ಅನಂತರ ಪ್ರೇಷಕಕ್ಕೆ ಸರಿಯಾದ ನೆಲೆಗಳನ್ನು ತಿಳಿಸಿದರು. ಅದು ಹೊರಗೆ ಕಳುಹಿಸುವ ವಿದ್ಯುತ್ತನ್ನೂ ೪ಕ್ಕೆ ನಾಲ್ಕೇ, ೨೦ಕ್ಕೆ ಇಪ್ಪತ್ತೇ ಇದೆಯೇ ಎಂದು ಬೇರೆ ಮಾಪಕದಿಂದ ನೋಡಿದರು. ಮತ್ತೆ ಮಂಜುಗಡ್ಡೆಯಲ್ಲಿಟ್ಟು, ‘ಬಿಟ್ಟಂತೆ’ ಎಂಬ ಮನೆಯಲ್ಲಿ ಹೊಸ ಅಂಕಿ, ತಾರೀಕು, ರುಜು.

ಕುದಿಯುವ ನೀರಿನಲ್ಲಿ ಏಕೆ ನೋಡಲಿಲ್ಲ ಎಂದು ಕೇಳಿದೆ. “ನಮ್ಮ ಊರಿನಲ್ಲಿ ಅದು ನೂರಾಗುವುದಿಲ್ಲವಲ್ಲ ಸಾರ್. ಗಾಳಿ ಬದಲಾದರೆ ಅದೂ ಬದಲಾಗುತ್ತದೆ” ಎಂದು ಸಹಜವಾಗಿ ಹೇಳಿದರು. ಹಳೆಯದು ಅವರಿಗೆ ನೆನಪಿತ್ತೋ ಇಲ್ಲವೋ ನಾನರಿಯೆ. ನಾನೇ ಆ ದಿನದ ವಿಷಯವನ್ನೆತ್ತಿ, ತಪ್ಪು ನನ್ನದೆಂದು ಹೇಳಿದೆ. ಅವರು ನಕ್ಕು ಕಾಫಿ ತರಿಸಿದರು.

ಅರ್ಧ ಡಿಗ್ರಿ, ಒಂದು ಡಿಗ್ರಿಗೆ ಇಷ್ಟೆಲ್ಲ ಶ್ರಮವೇಕೆ ಎನ್ನುವಿರಾ? ನಿಮ್ಮ ಮನೆಗೆ ಬರುವ ಪೊಟ್ಟಣದ ಹಾಲನ್ನೇ ನೋಡಿ. ಡೈರಿಗಳಲ್ಲಿ ಹರಿಯುವ ಹಾಲನ್ನು ೭೨ ಡಿಗ್ರಿಗೆ ಕಾಯಿಸಿ ೧೫ ಸೆಕೆಂಡು ಹಿಡಿದಿಟ್ಟು ಒಡನೆಯೇ ತಣಿಸುತ್ತಾರೆ. ಕಾವು ಸಾಲದಾದರೆ ಒಂದು ಕವಾಟ ತಾನಾಗಿ ತಿರುಗಿ ಹಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಹಾಲು ೭೧ ಇರುವಾಗ ಪ್ರೇಷಕ ೭೩ ಎಂದರೆ ಕವಾಟ ತಿರುಗುವುದಿಲ್ಲ. ಸಾಲದ ಕಾವಿನ ಹಾಲು ಮುಂದೆ ಸಾಗುತ್ತದೆ, ಮಕ್ಕಳ ಲೋಟಕ್ಕೆ ಬರುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ ವರ್ಜೀನಿಯಾ ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನುಗಳಲ್ಲಿ ಸುಮಾರು ೩೫ ಡಿಗ್ರಿಯಿಂದ ಮೊದಲುಮಾಡಿ ಹಲವು ದಿನಗಳಲ್ಲಿ ೭೦ರ ಆಸುಪಾಸಿಗೆ ಏರಿಸುತ್ತಾರೆ. ಹಸಿ ಎಲೆಗೆ ಅವಸರದಲ್ಲಿ ಕಾವು ಏರಿದರೆ ಎಲೆ ಬೆಂದು ಕಪ್ಪಾಗಿ, ರೈತನ ಒಂದು ವರ್ಷದ ದುಡಿಮೆ ಹಾಳು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ಸ್ಥಾಪನೆಯಾದ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಡೆಗಳಲ್ಲಿ ಕಬ್ಬಿನ ರಸವನ್ನು ತಿಳಿಗೊಳಿಸುವಾಗ ನೂರು ಡಿಗ್ರಿಯನ್ನು ತುಸು ದಾಟಿಸಿ ಕಾಯಿಸಬೇಕಾಗುತ್ತದೆ. ಆಲೆಮನೆಯವನ ಬೆರಳು ಅಲ್ಲಿನ ಕೊಳವೆಯೊಳಕ್ಕೆ ಹೋಗಲಾರದು.

ಇನ್ನು ಈ ಕಥೆ ಹಾಸನಕ್ಕೇ ಹಿಂದಿರುಗಿ ಬಂದ ಬಗೆಯನ್ನು ಹೇಳಿ ಮುಗಿಸುತ್ತೇನೆ. ಇನ್‌ಸ್ಯಾಟ್ ಉಪಗ್ರಹಗಳನ್ನು ನಡೆಸುವ ಮುಖ್ಯ ನಿಯಂತ್ರಣ ಕೇಂದ್ರ ೧೯೮೨ರಲ್ಲಿ ಹಾಸನದಲ್ಲಿ ಕೆಲಸಕ್ಕೆ ತೊಡಗಿತು. ಆ ವರ್ಷ ಏಪ್ರಿಲಿನಲ್ಲಿ ಹಾರಿದ ಇನ್‌ಸ್ಯಾಟ್-೧ಎ ಸೆಪ್ಟೆಂಬರಿನಲ್ಲಿ ಇಂಧನ ತೀರಿ ಕೈಬಿಟ್ಟುಹೋಯಿತು. ೧೯೮೩ರ ಆಗಸ್ಟ್ ೩೦ರಂದು ಹೊರಟ ಇನ್‌ಸ್ಯಾಟ್-೧ಬಿ ಸೌರಫಲಕವನ್ನು ಬಿಚ್ಚಲು ಮೊದಲು ತೊಡಕು ಕೊಟ್ಟಿತಾದರೂ, ಸೆಪ್ಟೆಂಬರಿನ ನಡುವಿನ ಹೊತ್ತಿಗೆ ಸರಿಹೋಗಿ ವರ್ಷಗಳ ಕಾಲ ಸೇವೆ ಸಲ್ಲಿಸಿತು. ೩೬ ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹದ ಒಂದು ಮೈ ಬಿಸಿಲಿಗೆ ಕಾಯುತ್ತದೆ, ಇನ್ನೊಂದು ಮೈ ನೆರಳಿಗೆ ಹೆಪ್ಪುಗಟ್ಟುತ್ತದೆ. ಒಳಗಿನ ಬ್ಯಾಟರಿ, ಇಂಧನದ ಪಾತ್ರೆ ಮೊದಲಾದವುಗಳ ಉಷ್ಣತೆಯನ್ನು ಅಲ್ಲಿನ ಸಂವೇದಕಗಳು ಹಾಸನಕ್ಕೆ ತಿಳಿಸುತ್ತಲೇ ಇರಬೇಕು. ಆ ಸಂವೇದಕಗಳನ್ನು ಮೇಲಕ್ಕೆ ಹೋದಮೇಲೆ ಮಂಜುಗಡ್ಡೆಯ ಪಾತ್ರೆಯಲ್ಲಿಡಲು ಸಾಧ್ಯವೇ? ನೆಲದ ಮೇಲಿರುವಾಗಲೇ ನೋಡಿ, ಬರೆದಿಟ್ಟುಕೊಂಡಿರಬೇಕು. ಅಂದಿನ ಬರಹವನ್ನು ನಂಬಿಯೇ ಮುಂದಿನ ವರ್ಷಗಳೆಲ್ಲ ನಡೆಯುತ್ತವೆ.

ಆ ಇನ್‌ಸ್ಯಾಟ್‌ಗಳಲ್ಲಿ ಇನ್ನೊಂದು ಏರ್ಪಾಟೂ ಇತ್ತು. ಜನರಿಲ್ಲದ ದೂರದ ತಾಣಗಳಲ್ಲಿ ನಿಲ್ಲಿಸಿದ ಹವಾ ಯಂತ್ರಗಳು ತಾವೇ ಉಷ್ಣತೆ ಮುಂತಾದುವನ್ನು ಅಳೆದು ಉಪಗ್ರಹಕ್ಕೆ ಕೂಗಿ ಹೇಳುತ್ತಿದ್ದವು, ಉಪಗ್ರಹ ಅದನ್ನು ಹವಾಮಾನ ಇಲಾಖೆಗೆ ಮುಟ್ಟಿಸುತ್ತಿತ್ತು. ೧೮೯೩ರ ಹಾಸನದ ವೀಕ್ಷಕನು ಓದಿ, ತಿದ್ದಿ, ಕಳುಹಿಸುತ್ತಿದ್ದ ಮೂರು ಕೆಲಸಗಳನ್ನೂ ಮನುಷ್ಯನಿಲ್ಲದ ಪೆಟ್ಟಿಗೆ ಮಾಡಿತು. ಅದರ ಮಾತನ್ನು ಹೊತ್ತ ಉಪಗ್ರಹಕ್ಕೆ ದಾರಿ ತೋರಿದ್ದು ಅದೇ ಹಾಸನ.

ನನ್ನ ಓದಿನ ಚಟದಿಂದ ಒಂದು ಮಾತು. ‘ಪ್ರಮಾಣ’ ಎಂಬ ಪದಕ್ಕೆ ನಮ್ಮಲ್ಲಿ ಮೂರು ಅರ್ಥ: ಅಳತೆ, ಸಾಕ್ಷ್ಯ, ಆಣೆ. ಅಳೆಯುವವನು ಸಾಕ್ಷಿ ಹೇಳುವವನೂ ಹೌದು, ಆಣೆಯಿಟ್ಟವನೂ ಹೌದು ಎಂದು ನಮ್ಮ ಹಿರಿಯರು ಒಂದೇ ಪದದಲ್ಲಿ ಹಿಡಿದಿಟ್ಟಿದ್ದಾರೆ. ಸಾಕ್ಷಿ ಕಂಡದ್ದನ್ನು ಕಂಡಂತೆ ಮೊದಲು ಹೇಳಲಿ. ತಿದ್ದುವವರು ಆಮೇಲೆ ತಿದ್ದಲಿ, ಆದರೆ ಪಕ್ಕದ ಮನೆಯಲ್ಲಿ ಬರೆಯಲಿ.

ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದು, ಉಷ್ಣಮಾಪಕ ಸಿಕ್ಕಿದರೆ, ಒಂದು ಭಾನುವಾರ ಹಿರಿಯರ ಎದುರಿನಲ್ಲಿ ನೀರು ಕಾಯಿಸಿ ನೋಡಲಿ. ಜ್ವರ ನೋಡುವ ಉಷ್ಣಮಾಪಕ ಬೇಡ, ಅದು ಒಡೆದುಹೋದೀತು. ಶಾಲೆಯಲ್ಲಿ ದೊರೆಯುವ ೧೧೦ ಡಿಗ್ರಿಯವರೆಗಿನದು ಬೇಕು. ಮಗು ೯೭ ಎಂದು ಬರೆದರೆ, ದಯವಿಟ್ಟು ಅಳಿಸಬೇಡಿ.